ದಂಡದ ಮೇಲೆ ಬದುಕುವ ನ್ಯಾಯಾಸನ

ಅಮೆರಿಕವೆಂದರೆ ಸ್ವಾತಂತ್ರ್ಯದ ತವರು, ಅಲ್ಲಿನ ಕೋರ್ಟಿನ ಮುಂದೆ ಬಡವನೂ ಒಂದೇ ಬಲ್ಲಿದನೂ ಒಂದೇ ಎಂದು ನಮ್ಮ ಊರಿನ ದೊಡ್ಡ ಮನುಷ್ಯರು ಹೇಳುವುದನ್ನು ನಾವು ಕೇಳುತ್ತಲೇ ಬಂದಿದ್ದೇವೆ. ಆ ದೇಶದ ದೊಡ್ಡ ಕೋರ್ಟುಗಳ ಅಮೃತಶಿಲೆಯ ಕಂಬಗಳನ್ನು ಅವರೇ ಹೋಗಿ ನೋಡಿಕೊಂಡು ಬರಲಿ. ನಾವು ಇಂದು ಹೇಳಹೊರಟಿರುವುದು ಆ ಕಂಬಗಳ ಕೆಳಗೆ, ಊರೂರಿನ ಪೋಲೀಸು ಠಾಣೆಯ ಮಗ್ಗುಲಲ್ಲಿ ನಡೆಯುವ ಪುರಸಭೆಯ ಕೋರ್ಟುಗಳ ಮಾತು. ಬಡವನು ಕಾಣುವ ಕೋರ್ಟು ಅದು. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತುವವನು ಸಾವಿರಕ್ಕೊಬ್ಬನೂ ಇಲ್ಲ.

ಪುರಸಭೆಗೆ ತನ್ನದೇ ಕೋರ್ಟೇ ಎಂದು ಓದುಗರು ಕೇಳಿಯಾರು. ಹೌದು, ಅಲ್ಲಿನ ಬಹಳಷ್ಟು ರಾಜ್ಯಗಳಲ್ಲಿ ಉಂಟು. ಅಧಿಕಾರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ರಸ್ತೆ ನಿಯಮ, ಬೀದಿಯಲ್ಲಿ ಗಲಾಟೆ, ಪೋಲೀಸನ ಮಾತು ಮೀರಿದ್ದು, ಮನೆಯ ಮುಂದೆ ಹುಲ್ಲು ಬೆಳೆಸಿದ್ದು ಇಂಥವು ಎಲ್ಲ ಕಡೆಯೂ ಅದರ ಮುಂದೆ ಬರುತ್ತವೆ. ಕೆಲವು ರಾಜ್ಯಗಳಲ್ಲಿ ಸಣ್ಣ ಕಳವು, ಹೊಡೆದಾಟಗಳೂ ಬರುತ್ತವೆ. ಕಾಯಿದೆ ಮಾಡುವುದು ಪುರಸಭೆ. ಕೇಸು ಹಾಕುವುದು ಅದರ ಪೋಲೀಸು. ತೀರ್ಪು ಕೊಡುವವನು ಹಲವು ಕಡೆ ಅದೇ ಪುರಸಭೆ ನೇಮಿಸಿದ ನ್ಯಾಯಾಧೀಶ. ದಂಡದ ಹಣ ಬೀಳುವುದೂ ಅದರ ಪೆಟ್ಟಿಗೆಗೇ. ಸಂತೆಯಲ್ಲಿ ತಕ್ಕಡಿಯೂ ತನ್ನದು, ತೂಕದ ಕಲ್ಲೂ ತನ್ನದು, ಮಾಲೂ ತನ್ನದು ಎಂಬ ವ್ಯಾಪಾರಿಯಿಂದ ನಮ್ಮಲ್ಲಿ ಯಾರೂ ಒಂದು ಸೇರು ಕಡಲೆ ಕೊಳ್ಳಲಾರರು. ಆ ದೇಶದ ಲಕ್ಷಾಂತರ ಜನ ನ್ಯಾಯವನ್ನು ಅಂಥವನಿಂದಲೇ ಕೊಳ್ಳಬೇಕಾಗಿದೆ.

ಮಿಸೌರಿ ರಾಜ್ಯದ ಸೇಂಟ್ ಲೂಯಿ ನಗರದ ಪಕ್ಕದಲ್ಲಿ ಫರ್ಗುಸನ್ ಎಂಬ ಊರಿದೆ. ೨೦೧೦ರಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು ೨೧,೦೦೦ ಇತ್ತು. ಆಗ ನೂರಕ್ಕೆ ೬೭ ಮಂದಿ ಕಪ್ಪು ಜನ. ೨೦೧೪ರ ಆಗಸ್ಟ್ ೯ರಂದು ಮೈಕೆಲ್ ಬ್ರೌನ್ ಎಂಬ ೧೮ ವರ್ಷದ ನಿರಾಯುಧ ಕಪ್ಪು ತರುಣನನ್ನು ಅಲ್ಲಿನ ಬಿಳಿಯ ಪೋಲೀಸನು ಬೀದಿಯಲ್ಲಿ ಗುಂಡಿಟ್ಟು ಕೊಂದ. ಊರು ಹೊತ್ತಿ ಉರಿಯಿತು. ಒಂದು ಗುಂಡಿಗೆ ಇಷ್ಟು ಬೆಂಕಿ ಎಲ್ಲಿಂದ ಬಂತು ಎಂದು ಪತ್ರಿಕೆಗಳು ಬೆರಗಾದವು. ಉತ್ತರ ೨೦೧೫ರ ಮಾರ್ಚ್ ೪ರಂದು ಹೊರಬಿತ್ತು. ಅಮೆರಿಕದ ಕೇಂದ್ರ ನ್ಯಾಯ ಇಲಾಖೆಯೇ ಆ ಊರಿನ ಪೋಲೀಸು ಮತ್ತು ಕೋರ್ಟಿನ ದಫ್ತರಗಳನ್ನು ಬಿಚ್ಚಿ ನೋಡಿ ವರದಿ ಹೊರಡಿಸಿತು. ವರದಿ ಬರೆದವರು ಸಮಾಜವಾದಿಗಳಲ್ಲ, ಸರ್ಕಾರದ ವಕೀಲರು ಎಂಬುದನ್ನು ಓದುಗರು ಗಮನದಲ್ಲಿಡಬೇಕು.

೨೦೧೦ರ ಸಾಲಿನಲ್ಲಿ ಆ ಪುರಸಭೆಯ ಸಾಮಾನ್ಯ ಆದಾಯ ೧ ಕೋಟಿ ೧೦ ಲಕ್ಷ ೭೦ ಸಾವಿರ ಡಾಲರು. ಅದರಲ್ಲಿ ಕೋರ್ಟಿನ ದಂಡ ಮತ್ತು ಶುಲ್ಕದಿಂದ ಬಂದದ್ದು ೧೩ ಲಕ್ಷ ೮೦ ಸಾವಿರ, ಅಂದರೆ ಎಂಟರಲ್ಲಿ ಒಂದು ಪಾಲು. ೨೦೧೫ರ ಸಾಲಿಗೆ ಹಾಕಿದ ಅಂದಾಜಿನಲ್ಲಿ ಒಟ್ಟು ಆದಾಯ ೧ ಕೋಟಿ ೩೨ ಲಕ್ಷ ೬೦ ಸಾವಿರ. ದಂಡದ ಪಾಲು ೩೦ ಲಕ್ಷ ೯೦ ಸಾವಿರ. ಸುಮಾರು ನಾಲ್ಕರಲ್ಲಿ ಒಂದು. ಅಪರಾಧ ಇನ್ನೂ ನಡೆದಿಲ್ಲ, ಆದರೆ ಅದರ ವಸೂಲಿಯನ್ನು ಮುಂಗಡಪತ್ರದಲ್ಲಿ ಬರೆದಾಗಿದೆ! ಮುಂದಿನ ವರ್ಷ ಊರಿನವರು ಇಷ್ಟು ತಪ್ಪು ಮಾಡತಕ್ಕದ್ದು ಎಂದು ಪುರಸಭೆ ಠರಾವು ಮಾಡಿದಂತಾಯಿತು.

ಇದು ನಮ್ಮ ಕುಹಕವಲ್ಲ. ವರ್ಷ ಮುಗಿಯುವುದರೊಳಗೆ ಕೇಸುಗಳನ್ನು ಚೆನ್ನಾಗಿ ಏರಿಸದಿದ್ದರೆ ಮುಂದಿನ ವರ್ಷದ ವಸೂಲಿ ಕಷ್ಟ, ಮಾರಾಟ ತೆರಿಗೆಯೂ ಕುಸಿಯುತ್ತಿದೆ ಎಂದು ೨೦೧೦ರ ಮಾರ್ಚಿನಲ್ಲಿ ಆ ಊರಿನ ಹಣಕಾಸು ಅಧಿಕಾರಿ ಪೋಲೀಸು ಮುಖ್ಯಸ್ಥನಿಗೆ ಬರೆದಿದ್ದಾನೆ. ೨೦೧೨ರಲ್ಲಿ ಕೋರ್ಟಿನ ವಸೂಲಿ ೨೦ ಲಕ್ಷ ಡಾಲರು ದಾಟಿದಾಗ ಪೋಲೀಸು ಮುಖ್ಯಸ್ಥನು ಪುರಸಭೆಯ ಆಡಳಿತಾಧಿಕಾರಿಗೆ ಸುದ್ದಿ ಕಳಿಸಿದ. ಆತ ಭೇಷ್ ಎಂದು ಉತ್ತರ ಬರೆದ. ಅದೇ ವರ್ಷ, ಈ ನ್ಯಾಯಾಧೀಶ ಸಾಕ್ಷಿ ಹೇಳಿದ್ದನ್ನು ಕಿವಿಗೊಟ್ಟು ಕೇಳುವುದಿಲ್ಲ, ಇವನನ್ನು ಮತ್ತೆ ನೇಮಿಸಬೇಡಿ ಎಂದು ಪುರಸಭೆಯ ಸದಸ್ಯರೊಬ್ಬರು ತಕರಾರು ತೆಗೆದರು. ದಂಡದ ಆದಾಯ ಕಡಿಮೆಯಾದರೆ ಊರಿಗೆ ತಡೆಯದು ಎಂದು ಆಡಳಿತಾಧಿಕಾರಿ ಹೇಳಿದ. ನ್ಯಾಯಾಧೀಶ ಮುಂದುವರಿದ. ಕೋರ್ಟು ನಡೆಯುತ್ತಿದ್ದುದು ಪೋಲೀಸರ ಕಟ್ಟಡದಲ್ಲೇ, ಅದರ ಗುಮಾಸ್ತರು ಪೋಲೀಸು ಮುಖ್ಯಸ್ಥನ ಕೈಕೆಳಗೆ.

ಹುಲ್ಲಿನ ಮಾತು ಹೇಳಿದೆವಲ್ಲ. ಮನೆಯ ಮುಂದೆ ಹುಲ್ಲು, ಕಳೆ ಎತ್ತರ ಬೆಳೆದರೆ ಸುತ್ತಲ ಒಂದು ಊರಿನಲ್ಲಿ ೫ ಡಾಲರು ದಂಡ. ಫರ್ಗುಸನ್ನಿನಲ್ಲಿ ೭೭ರಿಂದ ೧೦೨ ಡಾಲರು. ನಡೆಯುವುದಕ್ಕೂ ಕೇಸು ಉಂಟು. ರಸ್ತೆಯಲ್ಲಿ ನಡೆದ ರೀತಿ ಸರಿಯಿಲ್ಲ ಎಂಬುದೇ ಒಂದು ಅಪರಾಧ. ಅದರಲ್ಲಿ ಸಿಕ್ಕಿಬಿದ್ದವರು ನೂರಕ್ಕೆ ೯೫ ಮಂದಿ ಕಪ್ಪು ಜನ. ೨೦೧೨ರ ಬೇಸಿಗೆಯಲ್ಲಿ ಒಬ್ಬನು ಆಟ ಮುಗಿಸಿ, ನಿಲ್ಲಿಸಿದ ತನ್ನ ಕಾರಿನಲ್ಲಿ ಬೆವರಾರಿಸಿಕೊಳ್ಳುತ್ತ ಕುಳಿತಿದ್ದ. ಅವನ ಮೇಲೆ ಎಂಟು ಆಪಾದನೆ. ಮೈಕೆಲ್ ಎನ್ನುವ ಬದಲು ಮೈಕ್ ಎಂದು ಹೇಳಿದ್ದಕ್ಕೆ ಸುಳ್ಳು ಹೇಳಿಕೆಯ ಆಪಾದನೆ; ನಿಂತ ಕಾರಿನಲ್ಲಿ ಪಟ್ಟಿ ಕಟ್ಟಿಕೊಳ್ಳದ್ದಕ್ಕೆ ಇನ್ನೊಂದು. ಆ ಕೇಸಿನಿಂದ ಅವನು ಬಹಳ ವರ್ಷ ಮಾಡಿದ ಕೆಲಸವೇ ಹೋಯಿತು.

ಇನ್ನು ಒಬ್ಬ ಹೆಣ್ಣುಮಗಳ ಲೆಕ್ಕ. ೨೦೦೭ರಲ್ಲಿ ಆಕೆ ಒಂದೇ ಒಂದು ಸಲ ತಪ್ಪು ಜಾಗದಲ್ಲಿ ಕಾರು ನಿಲ್ಲಿಸಿದಳು. ಎರಡು ಕೇಸು, ೧೫೧ ಡಾಲರು ದಂಡ, ಮೇಲೆ ಶುಲ್ಕ. ಆಕೆಗೆ ಕೈಯಲ್ಲಿ ಹಣವಿಲ್ಲ. ನಡುನಡುವೆ ತಲೆಯ ಮೇಲೆ ಸೂರೂ ಇಲ್ಲ. ೨೦೦೭ರಿಂದ ೨೦೧೦ರೊಳಗೆ ವಾಯಿದೆಗೆ ಬರಲಿಲ್ಲ, ಕಂತು ಕಟ್ಟಲಿಲ್ಲ ಎಂದು ಏಳು ಸಲ ಗೈರುಹಾಜರಿಯ ಹೊಸ ಅಪರಾಧ ಹೊರಿಸಿದರು. ಪ್ರತಿ ಸಲವೂ ವಾರಂಟು, ಪ್ರತಿ ಸಲವೂ ಹೊಸ ದಂಡ. ಎರಡು ಸಲ ಹಿಡಿದರು, ಆರು ದಿನ ಸೆರೆಯಲ್ಲಿಟ್ಟರು. ೨೫ ಡಾಲರು, ೫೦ ಡಾಲರು ಎಂದು ಕಂತು ಕಟ್ಟಲು ಹೋದರೆ, ಪೂರ್ತಿ ತಾ ಎಂದು ಹಣವನ್ನು ಹಿಂದಕ್ಕೆ ಕೊಟ್ಟರು. ೨೦೧೪ರ ಹೊತ್ತಿಗೆ ಆಕೆ ಕಟ್ಟಿದ್ದು ೫೫೦ ಡಾಲರು. ಆ ಡಿಸೆಂಬರಿನಲ್ಲಿ ಇನ್ನೂ ಬಾಕಿ ಎಂದು ಬರೆದಿದ್ದದ್ದು ೫೪೧ ಡಾಲರು. ನಾವು ಶಾಲೆಯಲ್ಲಿ ಮಕ್ಕಳಿಗೆ ಕೂಡುವ ಕಳೆಯುವ ಲೆಕ್ಕ ಕಲಿಸಿದವರು. ೧೫೧ರಲ್ಲಿ ೫೫೦ ಕಳೆದರೆ ೫೪೧ ಬಾಕಿ ಎಂಬ ಉತ್ತರ ನಾವು ಮೀಟರ್ ಬಡ್ಡಿಯವರ ಚೋಪಡಿಯಲ್ಲಿ ಕಂಡಿದ್ದೇವೆ, ಬೇರೆ ಎಲ್ಲಿಯೂ ಕಂಡಿಲ್ಲ.

೨೦೧೩ರ ಒಂದೇ ವರ್ಷದಲ್ಲಿ, ೨೧,೦೦೦ ಜನರ ಆ ಊರಿನ ಕೋರ್ಟು ಹೊರಡಿಸಿದ ವಾರಂಟುಗಳು ೯,೦೦೦ಕ್ಕೂ ಮೇಲು. ಅದೇ ಹೊತ್ತಿನಲ್ಲಿ ಅಧಿಕಾರಿಗಳು ತಮ್ಮ, ತಮ್ಮ ಗೆಳೆಯರ ಕೇಸುಗಳನ್ನು ಸದ್ದಿಲ್ಲದೆ ವಜಾ ಮಾಡಿಸಿಕೊಂಡ ದಾಖಲೆಗಳೂ ಅದೇ ದಫ್ತರದಲ್ಲಿ ಸಿಕ್ಕಿವೆ.

ಕಾನೂನು ಮುರಿದವನು ದಂಡ ಕಟ್ಟಲಿ, ಪುರಸಭೆಗೆ ಹಣ ಆಕಾಶದಿಂದ ಉದುರುತ್ತದೆಯೇ ಎಂದು ಕೇಳುವವರು ಇದ್ದಾರೆ. ಹಣ ಎಲ್ಲಿತ್ತು ಎಂಬುದನ್ನೂ ನೋಡೋಣ. ಆ ಕಾಲದಲ್ಲಿ ಅದೇ ಫರ್ಗುಸನ್ನಿನಲ್ಲಿ ಎಮರ್ಸನ್ ಎಲೆಕ್ಟ್ರಿಕ್ ಎಂಬ ಕಂಪನಿಯ ಕೇಂದ್ರ ಕಚೇರಿ ಇತ್ತು. ವರ್ಷದ ಮಾರಾಟ ಸುಮಾರು ೨,೪೦೦ ಕೋಟಿ ಡಾಲರು. ಆ ಕಂಪನಿ ಕಾಯಿದೆಯಂತೆ ಕಟ್ಟಬೇಕಾದ್ದನ್ನು ಕಟ್ಟಲಿಲ್ಲ ಎಂದು ನಾವು ಹೇಳುತ್ತಿಲ್ಲ. ಕಾಯಿದೆ ಹೇಗಿತ್ತು ಎಂಬುದೇ ನಮ್ಮ ಪ್ರಶ್ನೆ. ೧೯೮೦ರಲ್ಲಿ ಮಿಸೌರಿ ತನ್ನ ಸಂವಿಧಾನವನ್ನು ತಿದ್ದಿ, ತೆರಿಗೆ ಏರಿಸಬೇಕಾದರೆ ಜನರ ಮತ ಪಡೆಯಬೇಕೆಂದು ಮಾಡಿತು. ಕೇಳಲು ಬಹಳ ಚೆನ್ನಾಗಿದೆ. ಆದರೆ ದಂಡ ಏರಿಸಲು ಯಾರ ಮತವೂ ಬೇಡ. ಆಸ್ತಿಯುಳ್ಳವನ ಮೇಲೆ ಕೈಯಿಡಲು ಹತ್ತು ತಡೆ, ಕಾರಿನ ದೀಪ ಒಡೆದ ಕೂಲಿಯವನ ಮೇಲೆ ಕೈಯಿಡಲು ಒಂದು ಚೀಟಿ ಸಾಕು. ಸೇಂಟ್ ಲೂಯಿಯ ಆ ಒಂದು ಜಿಲ್ಲೆಯಲ್ಲೇ ಸುಮಾರು ೯೦ ಪುಟ್ಟ ಪುಟ್ಟ ಪುರಸಭೆಗಳು, ೮೦ಕ್ಕೂ ಮೇಲೆ ಕೋರ್ಟುಗಳು. ಒಂದು ಊರಿನಲ್ಲಿ ನ್ಯಾಯಾಧೀಶನಾದವನೇ ಪಕ್ಕದ ಊರಿನಲ್ಲಿ ಸರ್ಕಾರಿ ವಕೀಲ. ಗೇಣುದ್ದದ ಊರು, ಮೊಳದುದ್ದದ ಸುಂಕದ ಕಟ್ಟೆ.

ಇದು ತಪ್ಪೆಂದು ಅವರಿಗೆ ತಿಳಿದಿರಲಿಲ್ಲವೇ? ಓಹೈಯೋ ರಾಜ್ಯದ ಒಂದು ಹಳ್ಳಿಯಲ್ಲಿ ಊರಿನ ಮೇಯರನೇ ನ್ಯಾಯಾಧೀಶನಾಗಿ ಕುಳಿತು, ಸಾರಾಯಿ ಇಟ್ಟುಕೊಂಡವನಿಗೆ ೧೦೦ ಡಾಲರು ದಂಡ ಹಾಕಿ, ತನ್ನ ಫೀಸೆಂದು ೧೨ ಡಾಲರು ಜೇಬಿಗಿಳಿಸಿದ್ದನ್ನು ೧೯೨೭ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಜೇಬಿಗೆ ಹೋಗದೆ ಊರಿನ ಖಜಾನೆಗೆ ಹೋದರೂ, ಖಜಾನೆ ಅದನ್ನೇ ನೆಚ್ಚಿಕೊಂಡಿದ್ದರೆ ಅಂಥ ಮೇಯರನು ತೀರ್ಪು ಕೊಡಲಾಗದು ಎಂದು ೧೯೭೨ರಲ್ಲಿ ಹೇಳಿತು. ಹಣವಿಲ್ಲದವನನ್ನು, ಏಕೆ ಕಟ್ಟಲಿಲ್ಲ ಎಂದು ವಿಚಾರಿಸದೆ ಜೈಲಿಗೆ ಕಳಿಸಬಾರದು ಎಂದು ೧೯೮೩ರಲ್ಲಿ ಹೇಳಿತು. ಇದಾಗಿ ಮೂವತ್ತು ವರ್ಷಗಳ ಮೇಲೆ ಫರ್ಗುಸನ್! ಮೇಲಿನ ಕೋರ್ಟಿನ ತೀರ್ಪು ಕೆಳಗಿನ ಕೋರ್ಟಿಗೆ ತಾನಾಗಿ ನಡೆದು ಬರುವುದಿಲ್ಲ. ಅದನ್ನು ಹೊತ್ತು ತರುವ ವಕೀಲನಿಗೆ ಕೊಡಲು ಬಡವನ ಹತ್ತಿರ ಹಣವಿಲ್ಲ.

ಈ ಪುರಸಭೆ ಕೋರ್ಟುಗಳ ಹಳೆಯ ಚರಿತ್ರೆಯನ್ನೂ ನಮ್ಮ ತರುಣರು ತಿಳಿದಿರಬೇಕು. ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡದ ರೋಸಾ ಪಾರ್ಕ್ಸ್ ತಾಯಿಗೆ ೧೯೫೫ರ ಡಿಸೆಂಬರ್ ೫ರಂದು ಮಾಂಟ್‌ಗೊಮರಿ ನಗರದ ಕೋರ್ಟು ಹಾಕಿದ್ದು ೧೦ ಡಾಲರು ದಂಡ, ೪ ಡಾಲರು ಖರ್ಚು. ಲೂಯಿವಿಲ್ ನಗರದಲ್ಲಿ ಬಸ್ಸಿಗೆ ಕಾಯುತ್ತ ಹೋಟೆಲಿನಲ್ಲಿ ಹಾಡಿಗೆ ಹೆಜ್ಜೆ ಹಾಕಿದ ಒಬ್ಬ ಕಪ್ಪು ಮನುಷ್ಯನಿಗೆ ಎರಡು ಆಪಾದನೆಗೆ ಹತ್ತು ಹತ್ತು ಡಾಲರು ದಂಡ. ಆ ರಾಜ್ಯದಲ್ಲಿ ಅಷ್ಟು ಸಣ್ಣ ದಂಡಕ್ಕೆ ಮೇಲಿನ ಕೋರ್ಟೇ ಇಲ್ಲ! ಅವನ ವಕೀಲ ಛಲ ಬಿಡದೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದ. ಸಾಕ್ಷ್ಯವೇ ಇಲ್ಲದ ಕೇಸೆಂದು ಅದು ೧೯೬೦ರಲ್ಲಿ ರದ್ದಾಯಿತು. ಬಸ್ ನಿಲ್ದಾಣಗಳಲ್ಲಿ ಬಣ್ಣದ ಗೋಡೆ ಒಡೆಯಲು ೧೯೬೧ರಲ್ಲಿ ಹೊರಟ ಸ್ವಾತಂತ್ರ್ಯ ಯಾತ್ರಿಕರಲ್ಲಿ ೩೦೦ಕ್ಕೂ ಹೆಚ್ಚು ಜನರನ್ನು ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ ಹಿಡಿದರು. ಅವರನ್ನು ಶಾಂತಿಭಂಗದ ಅಪರಾಧಿಗಳೆಂದು ಸಾರಿದ್ದು ಆ ನಗರದ ಮುನ್ಸಿಪಲ್ ಕೋರ್ಟೇ.

ಅದೇ ಜಾಕ್ಸನ್ನಿನಲ್ಲಿ ೧೯೬೪ರ ಮೇ ತಿಂಗಳಲ್ಲಿ ನಮ್ಮ ಡಾಕ್ಟರ್ ರಾಮಮನೋಹರ ಲೋಹಿಯಾ ಅವರನ್ನು ಬಿಳಿಯರ ಊಟದ ಮನೆಗೆ ಬಿಡದೆ, ಹಿಂದೆ ಸರಿಯದ ಅವರನ್ನು ಪೋಲೀಸರು ಬಂಧಿಸಿದರು. ಅಮೆರಿಕ ಸರ್ಕಾರ ಆಮೇಲೆ ವಿಷಾದ ಸೂಚಿಸಿತು. ೧೯೫೧ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರ ಜೊತೆ ನಿಂತು ಬಂಧನಕ್ಕೊಳಗಾದ ಮನುಷ್ಯನಿಗೆ ಜಾಕ್ಸನ್ನಿನ ಪೋಲೀಸು ಗಾಡಿ ಹೊಸದೇನೂ ಆಗಿರಲಿಕ್ಕಿಲ್ಲ. ಲೋಹಿಯಾ ಸಂಸತ್ತಿನ ಸದಸ್ಯರು, ಆದ್ದರಿಂದ ವಿಷಾದ. ಹೆಸರಿಲ್ಲದವರಿಗೆ ವಾರಂಟು.

ಫರ್ಗುಸನ್ನಿನ ಬೆಂಕಿಯಿಂದ ಸ್ವಲ್ಪ ಫಲ ಬಂತು, ಇಲ್ಲವೆನ್ನಲಾಗದು. ೨೦೧೫ರಲ್ಲಿ ಮಿಸೌರಿ ರಾಜ್ಯವು ಪುರಸಭೆಗಳು ದಂಡದಿಂದ ಪಡೆಯಬಹುದಾದ ಆದಾಯದ ಮಿತಿಯನ್ನು ನೂರಕ್ಕೆ ೩೦ರಿಂದ ೨೦ಕ್ಕೆ ಇಳಿಸಿತು. ಸೇಂಟ್ ಲೂಯಿ ಜಿಲ್ಲೆಗೆ ಹನ್ನೆರಡೂವರೆ ಎಂದಿಟ್ಟದ್ದನ್ನು ೨೦೧೭ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟೇ ತೆಗೆದುಹಾಕಿತು. ಪಕ್ಕದ ಜೆನಿಂಗ್ಸ್ ಎಂಬ ಊರು, ದಂಡ ಕಟ್ಟಲಾಗದೆ ಜೈಲು ಕಂಡ ಸುಮಾರು ೨,೦೦೦ ಜನರಿಗೆ ೨೦೧೬ರಲ್ಲಿ ೪೭ ಲಕ್ಷ ಡಾಲರು ಪರಿಹಾರ ಒಪ್ಪಿತು. ಫರ್ಗುಸನ್ನೂ ೨೦೨೪ರಲ್ಲಿ ೪೫ ಲಕ್ಷ ಡಾಲರು ಕೊಡಲು ಒಪ್ಪಿತು. ಕಳೆದ ಕೆಲಸ, ಕಳೆದ ಮನೆ ಆ ಲೆಕ್ಕದಲ್ಲಿ ಇಲ್ಲ.

ದೂರದ ಕಥೆಯೆಂದು ಓದುಗರು ಪತ್ರಿಕೆ ಮಡಿಚಿಡಬಾರದು. ನಮ್ಮಲ್ಲಿ ಪುರಸಭೆಗೆ ಅಂಥ ಕೋರ್ಟಿಲ್ಲ, ನಿಜ. ನಮ್ಮ ಮ್ಯಾಜಿಸ್ಟ್ರೇಟರು ಹೈಕೋರ್ಟಿನ ಕೈಕೆಳಗಿನವರು. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರೆ ಮಾಡಬೇಕೆಂದು ಸಂವಿಧಾನದ ೫೦ನೆಯ ವಿಧಿ ಹೇಳುತ್ತದೆ. ಈ ಗೋಡೆ ದೊಡ್ಡ ಆಸ್ತಿ. ಆದರೆ ಗೋಡೆಯಲ್ಲಿ ಬಿಲ ಬೀಳುತ್ತಿದೆ, ಅದನ್ನೇ ನಾವು ತೋರಿಸಬೇಕಾಗಿರುವುದು.

೨೦೨೩ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ಉಳಿದ ಸಂಚಾರ ದಂಡಗಳ ಮೇಲೆ ಅರ್ಧಕ್ಕರ್ಧ ರಿಯಾಯಿತಿ ಸಾರಿತು. ಕೆಲವೇ ದಿನಗಳಲ್ಲಿ ಬೆಂಗಳೂರಿನಲ್ಲಿ ೧೦೦ ಕೋಟಿ ರೂಪಾಯಿಗೂ ಮೇಲೆ ವಸೂಲಾಯಿತು. ಬಡ ಸವಾರನಿಗೆ ಅರ್ಧ ಉಳಿದದ್ದನ್ನು ನಾವು ದೂರುವುದಿಲ್ಲ. ಆದರೆ ದೀಪಾವಳಿಯ ಬಟ್ಟೆ ಅಂಗಡಿಯ ಮಾರಾಟದಂತೆ ಕೋಟಿಗಳನ್ನು ದಿನದಿನವೂ ಎಣಿಸಿ ಹೇಳಿದರಲ್ಲ, ಅಲ್ಲಿ ನಮಗೆ ಫರ್ಗುಸನ್ನಿನ ವಾಸನೆ ಬಡಿಯಿತು. ಆ ವಸೂಲಿಯಿಂದ ಎಷ್ಟು ಅಪಘಾತ ತಗ್ಗಿತು ಎಂದಲ್ಲವೇ ಮೊದಲು ಕೇಳಬೇಕಾದದ್ದು?

ಅದೇ ೨೦೨೩ರಲ್ಲಿ ಸಂಸತ್ತು ಜನವಿಶ್ವಾಸ ಎಂಬ ಕಾಯಿದೆ ಮಾಡಿತು. ೪೨ ಕಾಯಿದೆಗಳ ೧೮೩ ಕಲಮುಗಳಲ್ಲಿ ಸೆರೆ, ದಂಡಗಳನ್ನು ಸಡಿಲಿಸಿ, ಹಲವು ಕಡೆ ಜೈಲಿನ ಬದಲು ಹಣದ ಜುಲ್ಮಾನೆ ಇಟ್ಟಿತು. ಬಡವರಿಗೆ ಒದಗುವ ಕಲಮುಗಳೂ ಅದರಲ್ಲಿ ಕೆಲವಿವೆ. ಆದರೆ ಉದ್ಯಮಪತಿಗಳಿಗೆ ವ್ಯವಹಾರ ಸುಗಮವಾಗಲಿ ಎಂಬುದೇ ಅದರ ಮುಖ್ಯ ಉದ್ದೇಶವೆಂದು ಸರ್ಕಾರವೇ ಹೇಳಿದೆ. ಅದರಲ್ಲಿ ಎರಡು ಸಂಗತಿ ನೋಡಿ. ಹಲವು ಕಾಯಿದೆಗಳಲ್ಲಿ ಜುಲ್ಮಾನೆ ಹಾಕುವವನು ಮ್ಯಾಜಿಸ್ಟ್ರೇಟನಲ್ಲ, ಸರ್ಕಾರ ನೇಮಿಸಿದ ಅಧಿಕಾರಿ. ಮತ್ತು ಕನಿಷ್ಠ ದಂಡ ಮೂರು ವರ್ಷಕ್ಕೊಮ್ಮೆ ನೂರಕ್ಕೆ ಹತ್ತರಂತೆ ತಾನಾಗಿ ಏರುತ್ತದೆ. ಗಿರಣಿಯ ತುಟ್ಟಿಭತ್ಯೆ ಹೀಗೆ ತಾನಾಗಿ ಏರಲಿ ಎಂದು ಕಾರ್ಮಿಕನು ಕೇಳಿದರೆ ಎಷ್ಟು ಮುಷ್ಕರ ಬೇಕಾಗುತ್ತದೆ ಎಂಬುದನ್ನು ಓದುಗರು ಬಲ್ಲರು. ದಂಡಕ್ಕೆ ಮುಷ್ಕರ ಬೇಡವಾಯಿತು.

ದೊಡ್ಡವನಿಗೆ ಸೆರೆಯ ಬದಲು ಹಣವಾದರೆ, ಸಣ್ಣವನಿಗೆ ಹಣದ ಬದಲು ಸೆರೆ. ೨೦೨೪ರ ಜುಲೈ ೧ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ ೮ನೆಯ ಕಲಮು ತೆಗೆದು ಓದಿ. ದಂಡವೊಂದೇ ಶಿಕ್ಷೆಯಾಗಿರುವ ಅಪರಾಧದಲ್ಲೂ, ೫,೦೦೦ ರೂಪಾಯಿಯೊಳಗಿನ ದಂಡ ಕಟ್ಟದವನಿಗೆ ಎರಡು ತಿಂಗಳವರೆಗೆ, ೧೦,೦೦೦ದೊಳಗಿನದಕ್ಕೆ ನಾಲ್ಕು ತಿಂಗಳವರೆಗೆ, ಮೇಲಿನದಕ್ಕೆ ಒಂದು ವರ್ಷದವರೆಗೆ ಸಾದಾ ಸೆರೆ ವಿಧಿಸಬಹುದು. ಒಂದೇ ಅಪರಾಧ, ಒಂದೇ ೫,೦೦೦. ಮಾಲೀಕನ ಮಗನು ಕೋರ್ಟಿನ ಅಂಗಳದಲ್ಲೇ ಎಣಿಸಿ ಕೊಟ್ಟು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುತ್ತಾನೆ. ಗಿರಣಿಯ ಬದಲಿ ಕೆಲಸಗಾರನು ಪಾಳಿ ಕಳೆದುಕೊಂಡು, ಕೈಸಾಲ ಹುಟ್ಟದೆ, ಒಳಗೆ ಹೋಗುತ್ತಾನೆ. ಇದು ಎಷ್ಟು ಗೊತ್ತಿರುವ ಮಾತೆಂದರೆ, ದಂಡ ಕಟ್ಟಲಾಗದ ಬಡ ಕೈದಿಗಳಿಗೆ ೨೫,೦೦೦ ರೂಪಾಯಿವರೆಗೆ, ಜಾಮೀನು ಕಟ್ಟಲಾಗದವರಿಗೆ ೪೦,೦೦೦ದವರೆಗೆ ನೆರವು ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರವೇ ೨೦೨೩ರಲ್ಲಿ ತಂದಿದೆ. ಎಡಗೈಯಿಂದ ಒಳಗೆ ದೂಡುವುದು, ಬಲಗೈಯಿಂದ ಅರ್ಜಿ ತುಂಬಿಸಿಕೊಂಡು ಹೊರಗೆಳೆಯುವುದು!

ನಮ್ಮ ಕೋರ್ಟುಗಳಲ್ಲೂ ಇದನ್ನು ಕಂಡು ಸಿಡಿದೆದ್ದವರಿದ್ದರು. ೧೯೭೮ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಕೆಳಕೋರ್ಟು ೧೦,೦೦೦ ರೂಪಾಯಿಯ ಜಾಮೀನು ಕೇಳಿ, ಅವನ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ತಳ್ಳಿಹಾಕಿತ್ತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವನನ್ನು ೧,೦೦೦ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು. ಬರೀ ಬಡತನದಿಂದ ಸಾಲ ತೀರಿಸಲಾಗದವನನ್ನು ಸಿವಿಲ್ ಜೈಲಿಗೆ ಕಳಿಸಲಾಗದು ಎಂದು ೧೯೮೦ರಲ್ಲಿ ತೀರ್ಪು ಬರೆದವರೂ ಅವರೇ. ಸಾಲಗಾರನಿಗೆ ಸಿಕ್ಕ ಆ ನ್ಯಾಯ ದಂಡ ಕಟ್ಟಲಾಗದವನಿಗೆ ಏಕೆ ಬೇಡ?

ಬೇರೆ ದಾರಿ ಇದೆ. ಫಿನ್ಲೆಂಡ್ ದೇಶ ೧೯೨೧ರಿಂದಲೂ, ಸ್ವೀಡನ್ ೧೯೩೧ರಿಂದಲೂ ದಂಡವನ್ನು ದಿನದ ಗಳಿಕೆಯ ಲೆಕ್ಕದಲ್ಲಿ ಹಾಕುತ್ತವೆ. ೨೦೦೨ರಲ್ಲಿ ನೋಕಿಯಾ ಕಂಪನಿಯ ಒಬ್ಬ ನಿರ್ದೇಶಕ ೫೦ ಕಿಲೋಮೀಟರಿನ ವೇಗಮಿತಿಯಲ್ಲಿ ೭೫ರಲ್ಲಿ ಮೋಟಾರು ಸೈಕಲು ಓಡಿಸಿದ್ದಕ್ಕೆ ೧,೧೬,೦೦೦ ಯೂರೋ ದಂಡ ಬಿತ್ತು. ಗಳಿಕೆ ಇಳಿದಿದೆಯೆಂದು ವಾದಿಸಿ ಆಮೇಲೆ ಬಹಳಷ್ಟು ಕಡಿಮೆ ಮಾಡಿಸಿಕೊಂಡ. ಆದರೂ ಕೆಲವು ದಿನ ಅವನಿಗೆ ನಿದ್ದೆ ಬಂದಿರಲಿಕ್ಕಿಲ್ಲ. ಕೂಲಿಯವನಿಗೆ ಹತ್ತು ದಿನದ ಕೂಲಿ, ಕೋಟ್ಯಧೀಶನಿಗೆ ಹತ್ತು ದಿನದ ಕೋಟಿ. ಇದನ್ನೇ ನಾವು ಇಲ್ಲಿಯೂ ಕೇಳುತ್ತೇವೆ. ಜೊತೆಗೆ, ದಂಡ ಹಾಕಿದ ಇಲಾಖೆಯಾಗಲಿ ಪುರಸಭೆಯಾಗಲಿ ಅದರ ಒಂದು ಪೈಸೆಯನ್ನೂ ತನ್ನ ಖರ್ಚಿಗೆ ಮುಟ್ಟಬಾರದು. ಯಾವ ಮುಂಗಡಪತ್ರದಲ್ಲೂ ದಂಡಕ್ಕೆ ಗುರಿ ಬರೆಯಬಾರದು. ಕಟ್ಟಲು ಇಲ್ಲದವನನ್ನು ವಿಚಾರಣೆಯಿಲ್ಲದೆ ಸೆರೆಗೆ ನೂಕಬಾರದು.

ಈಗಿರುವ ಕಾಯಿದೆಯಲ್ಲೂ ನಮ್ಮವರಿಗೆ ಗೊತ್ತಿಲ್ಲದ ಹಕ್ಕುಗಳಿವೆ. ೧೯೮೭ರ ಕಾನೂನು ಸೇವೆಗಳ ಕಾಯಿದೆಯ ೧೨ನೆಯ ಕಲಮಿನಂತೆ ಕೈಗಾರಿಕಾ ಕಾರ್ಮಿಕನಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ವಕೀಲನ ನೆರವು ಪುಕ್ಕಟೆ ಸಿಗಬೇಕು. ಜಿಲ್ಲಾ ಕೋರ್ಟಿನ ಆವರಣದಲ್ಲೇ ಆ ಕಚೇರಿ ಇರುತ್ತದೆ. ೨೦೧೪ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ; ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ೪೦ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಿರಬೇಕು; ಜುಲ್ಮಾನೆ ೨,೦೦೦ ರೂಪಾಯಿ ಮೀರುವಂತಿಲ್ಲ. ಮಾಲು ಜಪ್ತಿ ಮಾಡಿದರೆ ಸ್ಥಳದಲ್ಲೇ ಪಟ್ಟಿ ಬರೆದು ಕೊಡಬೇಕು. ಕೇಳಿದ ಮೇಲೆ ಕೆಡುವ ಮಾಲನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ತಳ್ಳುಗಾಡಿ ಹಿಡಿದೊಯ್ಯಲು ಬಂದವರನ್ನು ಆ ಪಟ್ಟಿ ಕೇಳಿ. ಕೊಡದಿದ್ದರೆ ದಿನ, ಹೊತ್ತು, ಮಾಲಿನ ತೂಕ ಬರೆದಿಟ್ಟುಕೊಂಡು, ನೋಡಿದವರಿಬ್ಬರ ಸಹಿ ಹಾಕಿಸಿ, ಅದೇ ಸಂಜೆ ಪಕ್ಷದ ಕಚೇರಿಗೆ ತನ್ನಿ. ರಸೀದಿಯಿಲ್ಲದೆ ಕಟ್ಟಿದ ದಂಡದ ಲೆಕ್ಕವನ್ನೂ ತನ್ನಿ.